ಇಆರ್‌ಪಿ ಬಂದ ಮೇಲೆ ಕಾಸ್ಟಿಂಗ್ ಯಾರ ಕೈಯಲ್ಲಿದೆ?

ಪ್ರಶ್ನೆ: ಕುಮಟಾ ಹತ್ತಿರದ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಶಿರಸಿಯಲ್ಲಿ ನಮ್ಮದೇ ಅಡಿಕೆ ಖರೀದಿ ಶಾಖೆಯೂ ಇದೆ. ಮೊದಲು ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿ ಎಲ್ಲ ನಡೆಯುತ್ತಿತ್ತು. ಕಳೆದ ವರ್ಷ ಇಆರ್‌ಪಿ, ಅಂದರೆ ಖರೀದಿ, ಸ್ಟಾಕ್, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಂದರಲ್ಲೇ ನಡೆಸುವ ಸಾಫ್ಟ್‌ವೇರ್ ಹಾಕಿಸಿದರು. ತಿಂಗಳ ಕಾಸ್ಟಿಂಗ್ (ಕಿಲೋಗೆ ಎಷ್ಟು ಖರ್ಚು ಬಿತ್ತು ಅನ್ನುವ ಲೆಕ್ಕ) ತಾನಾಗೇ ಬರುತ್ತದೆ ಅಂದಿದ್ದರು. ಬರುತ್ತದೆ ನಿಜ, ಆದರೆ ಅದನ್ನು ಯಾರೂ ನಂಬುವುದಿಲ್ಲ. ನಾನು ಈಗಲೂ ರಾತ್ರಿ ಕೂತು ಎಕ್ಸೆಲ್‌ನಲ್ಲಿ ಬೇರೆ ಲೆಕ್ಕ ಮಾಡುತ್ತೇನೆ. ಮಾಲೀಕರು ಮೊಬೈಲ್‌ನಲ್ಲಿ ದಿನದ ಅಂಕಿ ನೋಡಿ ನೇರವಾಗಿ ಸೂಪರ್‌ವೈಸರ್‌ಗೆ ಫೋನ್ ಮಾಡುತ್ತಾರೆ. ಹಿಡಿತ ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುತ್ತಿಲ್ಲ. ಇನ್ನು ಮುಂದೆ ನನ್ನ ಕೆಲಸ ಏನು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿದೆ. ಮೊದಲು ನಿಮ್ಮ ಕೆಲಸ ತಿಂಗಳ ಕೊನೆಯಲ್ಲಿತ್ತು. ವೋಚರ್ ಒಟ್ಟು ಮಾಡುವುದು, ಸ್ಟಾಕ್ ಪಟ್ಟಿ ತರಿಸುವುದು, ಕಿಲೋಗೆ ಎಷ್ಟು ಬಿತ್ತು ಅಂತ ತೆಗೆಯುವುದು. ಆ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ನಿಮ್ಮ ಕೆಲಸ ಎರಡು ಕಡೆಗೆ ಸರಿದಿದೆ. ಒಂದು, ಸಾಫ್ಟ್‌ವೇರ್‌ನ ಸೆಟ್ಟಿಂಗ್. ಇನ್ನೊಂದು, ನಿಮ್ಮ ಫ್ಯಾಕ್ಟರಿಯ ತೂಕದ ಯಂತ್ರದ ಪಕ್ಕ. ಈ ಎರಡು ಜಾಗದಲ್ಲಿ ಅಕೌಂಟ್ಸ್‌ನವರು ಯಾರೂ ಇಲ್ಲದ ಕಡೆ ಇಆರ್‌ಪಿಯ ಕಾಸ್ಟಿಂಗ್ ನಂಬಿಕೆಗೆ ಬರುವುದಿಲ್ಲ. ನಿಮ್ಮಲ್ಲಿ ಆಗಿರುವುದೂ ಇದೇ ಅಂತ ನನಗೆ ಅನಿಸುತ್ತದೆ.

ಯಾಕೆ ಹೀಗೆ? ಇಆರ್‌ಪಿ ಹುಟ್ಟಿದ್ದು ಲೆಕ್ಕದ ಕೋಣೆಯಲ್ಲಿ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಫ್ಯಾಕ್ಟರಿಗಳು ಕಚ್ಚಾ ಮಾಲಿನ ಲೆಕ್ಕಕ್ಕೆ ಕಂಪ್ಯೂಟರ್ ಬಳಸಲು ಶುರು ಮಾಡಿದವು. ಇಷ್ಟು ಯಂತ್ರ ತಯಾರಾಗಬೇಕಾದರೆ ಇಷ್ಟು ಬಿಡಿಭಾಗ ಯಾವ ವಾರ ಬೇಕು ಅನ್ನುವ ಲೆಕ್ಕ ಅದು. ಎಂಆರ್‌ಪಿ (ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್) ಅಂತ ಅದರ ಹೆಸರು, ಡಬ್ಬದ ಮೇಲಿನ ಬೆಲೆಯ ಎಂಆರ್‌ಪಿ ಅಲ್ಲ. ಆಮೇಲೆ ಅದಕ್ಕೆ ಯಂತ್ರದ ಸಮಯ, ಕೂಲಿ, ಖರೀದಿ, ಮಾರಾಟ, ಹಣಕಾಸು ಒಂದೊಂದಾಗಿ ಸೇರಿಕೊಂಡವು. ಜರ್ಮನಿಯಲ್ಲಿ 1972ರಲ್ಲಿ ಶುರುವಾದ ಸ್ಯಾಪ್ ಕಂಪನಿ 1992ರಲ್ಲಿ ಆರ್/3 ಅನ್ನುವ ಇಂಥ ಸಾಫ್ಟ್‌ವೇರ್ ತಂದಿತು. ಅಲ್ಲಿಂದ ಮುಂದೆ ಜಗತ್ತಿನ ಬಹಳಷ್ಟು ದೊಡ್ಡ ಕಂಪನಿಗಳು ಈ ದಾರಿ ಹಿಡಿದವು. ಇಆರ್‌ಪಿ ಅನ್ನುವ ಹೆಸರು ಬಂದದ್ದೂ 1990ರ ಹೊತ್ತಿಗೆ. ಅಂದರೆ ಇದರ ಬೇರು ಇರುವುದು ಗೋದಾಮಿನಲ್ಲಿ. ಮಾಲು ಕದಲಿದರೆ ಲೆಕ್ಕವೂ ಕದಲುತ್ತದೆ. ಟ್ಯಾಲಿ ಬೆಳೆದು ಬಂದದ್ದು ಲೆಜರ್‌ನಿಂದ. ಅಲ್ಲಿ ಅಕೌಂಟೆಂಟ್ ಎಂಟ್ರಿ ಹಾಕಿದರೆ ಲೆಕ್ಕ. ಈ ಒಂದು ವ್ಯತ್ಯಾಸ ತಲೆಯಲ್ಲಿಟ್ಟುಕೊಂಡರೆ ನಿಮ್ಮ ಫ್ಯಾಕ್ಟರಿಯಲ್ಲಿ ಆಗುತ್ತಿರುವುದು ಅರ್ಧ ಅರ್ಥವಾಗುತ್ತದೆ.

ನಿಮ್ಮ ಗೇಟಿನಿಂದಲೇ ನೋಡೋಣ. ಮಂಗಳೂರು ಬಂದರಿನಿಂದ ಆಫ್ರಿಕಾದ ಗೇರುಬೀಜದ ಲಾರಿ ಬರುತ್ತದೆ. ತೂಕ ಆಗುತ್ತದೆ. ಸ್ಟೋರ್‌ನವರು ಪರ್ಚೇಸ್ ಆರ್ಡರ್ ನಂಬರ್ ಹಾಕಿ, ಚೀಲ ಎಷ್ಟು, ತೂಕ ಎಷ್ಟು ಅಂತ ತುಂಬಿ ಸೇವ್ ಒತ್ತುತ್ತಾರೆ. ಅವರ ಮಟ್ಟಿಗೆ ಅದು ಮಾಲು ಬಂದ ಎಂಟ್ರಿ, ಅಷ್ಟೇ. ಆದರೆ ಅದೇ ಕ್ಷಣ ಸ್ಟಾಕ್ ಖಾತೆ ಡೆಬಿಟ್ ಆಗಿರುತ್ತದೆ. ಬಿಲ್ ಬರಬೇಕಾದ ಮಾಲಿನ ಖಾತೆ ಕ್ರೆಡಿಟ್ ಆಗಿರುತ್ತದೆ. ಸರಾಸರಿ ದರ ಬದಲಾಗಿರುತ್ತದೆ. ಆ ದರದ ಮೇಲೆ ನಾಳೆಯ ಉತ್ಪಾದನೆಯ ಖರ್ಚು ನಿಲ್ಲುತ್ತದೆ. ಜರ್ನಲ್ ಎಂಟ್ರಿ (ಲೆಕ್ಕದ ಪುಸ್ತಕದ ಡೆಬಿಟ್-ಕ್ರೆಡಿಟ್ ದಾಖಲೆ) ಅಂದರೇನು ಅಂತ ಯಾರೂ ಹೇಳಿಕೊಡದ ಒಬ್ಬ ಸ್ಟೋರ್ ಗುಮಾಸ್ತ ಈಗ ನಿಮ್ಮ ಕಂಪನಿಯ ಅತಿ ದೊಡ್ಡ ಜರ್ನಲ್ ಎಂಟ್ರಿ ಹಾಕುತ್ತಿದ್ದಾನೆ. ಅವನನ್ನು ದೂರುವುದರಲ್ಲಿ ಅರ್ಥವಿಲ್ಲ. ಅವನ ಪಕ್ಕ ಕೂತು, ಈ ಬಟನ್ ಒತ್ತಿದರೆ ಏನಾಗುತ್ತದೆ ಅಂತ ತೋರಿಸಿಕೊಡುವುದು ನಿಮ್ಮ ಹೊಸ ಕೆಲಸದ ಮೊದಲ ಭಾಗ. ತರಬೇತಿ ಅಂದರೆ ವೆಂಡರ್ ಕಡೆಯವರು ಎರಡು ದಿನ ಸ್ಕ್ರೀನ್ ತೋರಿಸಿ ಹೋಗುವುದಲ್ಲ.

ಇಲ್ಲೊಂದು ಸಣ್ಣ ವಿಷಯ, ಆದರೆ ತುಂಬ ಕಡೆ ಕಾಸ್ಟಿಂಗ್ ಕೆಡುವುದು ಇದರಿಂದಲೇ. ಮಾಲು ಬೆಳಗ್ಗೆ ಬಂದಿದೆ, ಎಂಟ್ರಿ ಸಂಜೆ ಆಗುತ್ತದೆ. ಅಷ್ಟರಲ್ಲಿ ಅದೇ ಮಾಲನ್ನು ಸ್ಟೀಮಿಂಗ್‌ಗೆ, ಅಂದರೆ ಉಗಿಯಲ್ಲಿ ಬೇಯಿಸಲು, ಕೊಟ್ಟಾಗಿದೆ. ಸಿಸ್ಟಂ ಪ್ರಕಾರ ಇಲ್ಲದ ಮಾಲು ಹೊರಗೆ ಹೋಯಿತು. ಸ್ಟಾಕ್ ಮೈನಸ್ ಆಗುತ್ತದೆ. ಮೈನಸ್ ಸ್ಟಾಕ್‌ಗೆ ಅವಕಾಶ ಕೊಡುವ ಸೆಟ್ಟಿಂಗ್ ಇದ್ದರೆ ಸಾಫ್ಟ್‌ವೇರ್ ತಡೆಯುವುದಿಲ್ಲ, ಹಳೆಯ ದರ ಹಿಡಿದು ಖರ್ಚು ಹಾಕುತ್ತದೆ. ಸಂಜೆ ಹೊಸ ದರದಲ್ಲಿ ಎಂಟ್ರಿ ಬಿದ್ದಾಗ ಆ ವ್ಯತ್ಯಾಸವೆಲ್ಲ ಉಳಿದ ಸ್ವಲ್ಪ ಮಾಲಿನ ಮೇಲೆ ಕೂತು, ಸರಾಸರಿ ದರ ಎಲ್ಲೆಲ್ಲೋ ಹೋಗುತ್ತದೆ. ತಿಂಗಳ ಕೊನೆಯಲ್ಲಿ ನೀವು ರಿಪೋರ್ಟ್ ತೆಗೆದಾಗ ಕಿಲೋಗೆ ಯಾರೂ ಕೇಳದ ರೇಟ್ ಕಾಣಿಸುತ್ತದೆ. ಇದಕ್ಕೆ ಔಷಧ ಮೈನಸ್ ಸ್ಟಾಕ್ ನಿಲ್ಲಿಸುವುದು. ಮೊದಲ ವಾರ ಸ್ಟೋರ್‌ನವರು, ಪ್ರೊಡಕ್ಷನ್‌ನವರು ಎಲ್ಲ ಗಲಾಟೆ ಮಾಡುತ್ತಾರೆ. ಆದರೂ ನಿಲ್ಲಿಸಿ.

ಈಗ ಮುಖ್ಯ ವಿಷಯ. ನಿಮ್ಮ ರಿಪೋರ್ಟನ್ನು ಯಾರೂ ನಂಬುತ್ತಿಲ್ಲ ಅಂದಿರಿ. ಗೇರುಬೀಜದಂಥ ಉದ್ಯಮದಲ್ಲಿ ಅದಕ್ಕೆ ಎರಡು ದೊಡ್ಡ ಕಾರಣ ಇರಬಹುದು. ಎರಡೂ ಸೆಟ್ಟಿಂಗ್‌ನಲ್ಲೇ ಇವೆ.

ಮೊದಲನೆಯದು ಇಳುವರಿ. ಇಆರ್‌ಪಿಗೆ ಒಂದು ಸಾಮಾನಿನ ಪಟ್ಟಿ ಬೇಕು, ಬಿಒಎಂ ಅನ್ನುತ್ತಾರೆ. ಇಷ್ಟು ತಿರುಳು ಬಂದರೆ ಇಷ್ಟು ಬೀಜ ಖರ್ಚಾಗಿದೆ ಅಂತ ಅದರಲ್ಲಿ ಬರೆದಿರುತ್ತದೆ. ಕನ್ಸಲ್ಟೆಂಟ್ ಕೇಳಿರುತ್ತಾರೆ, ನೀವು ಸುಮಾರು ನಾಲ್ಕಕ್ಕೆ ಒಂದು ಅಂದಿರುತ್ತೀರಿ, ಅವರು 25 ಶೇಕಡಾ ಅಂತ ಹಾಕಿರುತ್ತಾರೆ. ಜೊತೆಗೆ ಬ್ಯಾಕ್‌ಫ್ಲಶ್ ಅನ್ನುವ ಸೌಲಭ್ಯ ಆನ್ ಮಾಡಿರುತ್ತಾರೆ. ಅಂದರೆ, ದಿನದ ಕೊನೆಗೆ 500 ಕಿಲೋ ತಿರುಳು ಬಂತು ಅಂತ ನೀವು ಎಂಟ್ರಿ ಹಾಕಿದರೆ, 2,000 ಕಿಲೋ ಬೀಜವನ್ನು ಸಿಸ್ಟಂ ತಾನೇ ಸ್ಟಾಕ್‌ನಿಂದ ಕಳೆಯುತ್ತದೆ. ಕೆಲಸ ಎಷ್ಟು ಸುಲಭ ಆಯಿತು, ಅಲ್ವಾ? ಆದರೆ ಅವತ್ತು ನಿಜವಾಗಿ ಹೋದದ್ದು 2,120 ಕಿಲೋ ಇರಬಹುದು. ಬೀಜ ಸರಿಯಾಗಿ ಒಣಗಿರಲಿಲ್ಲ, ಅಥವಾ ಆ ಲಾಟ್‌ನಲ್ಲಿ ಟೊಳ್ಳು ಜಾಸ್ತಿ ಇತ್ತು. ಆ 120 ಕಿಲೋ ಅವತ್ತಿನ ರಿಪೋರ್ಟ್‌ನಲ್ಲಿ ಎಲ್ಲೂ ಇಲ್ಲ. ಸಿಸ್ಟಂ ಪ್ರಕಾರ ಅದು ಇನ್ನೂ ಗೋದಾಮಿನಲ್ಲಿದೆ. ಇಳುವರಿ ರಿಪೋರ್ಟ್ ತೆಗೆದರೆ ದಿನಾ 25 ಶೇಕಡಾ, ಚೊಕ್ಕವಾಗಿ. ಮೂರು ತಿಂಗಳ ನಂತರ ಗೋದಾಮು ಎಣಿಸಿದಾಗ ಒಂದಿಷ್ಟು ಟನ್ ಕಡಿಮೆ. ಆಗ ಯಾವ ಲಾಟ್, ಯಾವ ದಿನ, ಯಾವ ದೇಶದ ಬೀಜ ಅಂತ ಯಾರು ಹೇಳುತ್ತಾರೆ? ಕಳ್ಳತನದ ಅನುಮಾನ ಶುರುವಾಗುತ್ತದೆ. ಪಾಪ, ಗೋದಾಮಿನವನ ಮೇಲೆ ಬರುತ್ತದೆ.

ಹಳೆಯ ಪದ್ಧತಿಯಲ್ಲಿ ಬಾಯ್ಲರ್ ಹತ್ತಿರದ ಪುಸ್ತಕದಲ್ಲಿ ಎಷ್ಟು ಚೀಲ ಹಾಕಿದರು ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಆ ಪುಸ್ತಕ ಒರಟಾಗಿತ್ತು, ಆದರೆ ಅದರಲ್ಲಿ ನಿಜವಾದ ಬಳಕೆ ಇತ್ತು. ಇಆರ್‌ಪಿ ಬಂದಾಗ ಎಲ್ಲ ಸಿಸ್ಟಂನಲ್ಲೇ ಇದೆಯಲ್ಲ ಅಂತ ಆ ಪುಸ್ತಕ ನಿಲ್ಲಿಸಿರುತ್ತಾರೆ. ನಿಮ್ಮಲ್ಲೂ ನಿಲ್ಲಿಸಿದ್ದಾರಾ ಅಂತ ಮೊದಲು ಕೇಳಿ. ನಿಲ್ಲಿಸಿದ್ದರೆ, ಕಚ್ಚಾ ಬೀಜದ ಮಟ್ಟಿಗೆ ಬ್ಯಾಕ್‌ಫ್ಲಶ್ ತೆಗೆಸಿ. ಪ್ಯಾಕಿಂಗ್ ಡಬ್ಬ, ಲೇಬಲ್, ಟೇಪ್ ಇಂಥವಕ್ಕೆ ಇರಲಿ, ತೊಂದರೆ ಇಲ್ಲ. ಆದರೆ ಖರ್ಚಿನಲ್ಲಿ ದೊಡ್ಡ ಪಾಲು ಇರುವ ಮಾಲನ್ನು ತೂಗಿಯೇ ಕೊಡಬೇಕು, ಲಾಟ್ ನಂಬರ್ ಸಮೇತ ಎಂಟ್ರಿ ಆಗಬೇಕು. ಆಗ ಇಳುವರಿ ಅನ್ನುವುದು ಊಹೆಯಿಂದ ಅಳತೆಗೆ ಬರುತ್ತದೆ.

ನಮ್ಮ ಕರಾವಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ, ತೇವ. ಊರಿನ ಬೀಜ ಬರುವುದು ಮಾರ್ಚ್‌ನಿಂದ ಮೇ ತನಕ. ಒಣಗಿಸಿ ಇಡೀ ಮಳೆಗಾಲಕ್ಕೆ ಕೂಡಿಡುತ್ತೇವೆ. ಬಿಸಿಲಿಗೆ ತೂಕ ಇಳಿಯುತ್ತದೆ, ಜೂನ್ ಬಂದರೆ ಗಾಳಿಯ ತೇವಕ್ಕೆ ತೂಕ ಆಚೀಚೆ ಆಗುತ್ತದೆ. ಸಿಸ್ಟಂನಲ್ಲಿ ಮಾತ್ರ ಖರೀದಿಯ ದಿನದ ತೂಕವೇ ಕೂತಿರುತ್ತದೆ. ಒಣಗಿಸಿ ಗೋದಾಮಿಗೆ ಹಾಕುವಾಗ ಮತ್ತೊಮ್ಮೆ ತೂಗಿ, ಕಡಿಮೆಯಾದ ತೂಕವನ್ನು ಅದೇ ಲಾಟ್‌ನ ದರಕ್ಕೆ ಸೇರಿಸಬೇಕು. 100 ರೂಪಾಯಿಯ ಬೀಜ ಒಣಗಿ 5 ಶೇಕಡಾ ಇಳಿದರೆ ಅದರ ನಿಜವಾದ ದರ 105 ರೂಪಾಯಿ ಮೇಲೆ. ಇದು ಸಹಜವಾದ ನಷ್ಟ, ಮಾಲಿನ ಬೆಲೆಗೇ ಸೇರುತ್ತದೆ. ಮಳೆ ನೀರು ಸೋರಿ ಹತ್ತು ಚೀಲ ಬೂಷ್ಟು ಹಿಡಿದರೆ ಅದು ಬೇರೆ. ಅಂಥ ಅಸಹಜ ನಷ್ಟವನ್ನು ಸ್ಟಾಕ್ ಬೆಲೆಗೆ ಸೇರಿಸಬಾರದು ಅಂತ ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 2 ಸ್ಪಷ್ಟವಾಗಿ ಹೇಳುತ್ತದೆ. ಎರಡನ್ನೂ ಒಂದೇ ಕೋಡ್‌ನಲ್ಲಿ ಸ್ಟಾಕ್ ಅಡ್ಜಸ್ಟ್‌ಮೆಂಟ್ ಅಂತ ಹಾಕಿದರೆ ನಿಮಗೆ ಯಾವತ್ತೂ ಬೇರೆ ಮಾಡಲು ಆಗುವುದಿಲ್ಲ. ಎರಡು ಕಾರಣಕ್ಕೆ ಎರಡು ಕೋಡ್ ಮಾಡಿಸಿ.

ಎರಡನೆಯ ಕಾರಣ ಗ್ರೇಡ್. ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಮಾರಾಟದವರ ಜೊತೆ ನಿಮ್ಮ ಜಗಳ ಬಹುಶಃ ಇಲ್ಲೇ ಇದೆ. ಒಂದೇ ಬೀಜದಿಂದ ಡಬ್ಲ್ಯೂ-180, ಡಬ್ಲ್ಯೂ-240, ಡಬ್ಲ್ಯೂ-320 ಬರುತ್ತದೆ, ಹೋಳು ಬರುತ್ತದೆ, ತುಂಡು ಬರುತ್ತದೆ. ಒಂದು ಪೌಂಡಿಗೆ ಎಷ್ಟು ಇಡೀ ತಿರುಳು ಹಿಡಿಯುತ್ತದೆ ಅನ್ನುವುದೇ ಆ ನಂಬರ್. ನಂಬರ್ ಚಿಕ್ಕದಾದಷ್ಟೂ ತಿರುಳು ದೊಡ್ಡದು, ಬೆಲೆಯೂ ಜಾಸ್ತಿ. ಈಗ ಖರ್ಚನ್ನು ಇವುಗಳ ಮೇಲೆ ಹೇಗೆ ಹಂಚುತ್ತೀರಿ?

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಒಂದು ಉದಾಹರಣೆ ಹಾಕುತ್ತೇನೆ, ದರಗಳು ಸುಮ್ನೆ ಹಿಡಿದದ್ದು. 1,000 ಕಿಲೋ ಬೀಜ, ಕೂಲಿ, ಉಗಿ, ಕರೆಂಟು ಎಲ್ಲ ಸೇರಿ 1,50,000 ರೂಪಾಯಿ ಖರ್ಚು. ಬಂದ ತಿರುಳು 250 ಕಿಲೋ. ಅದರಲ್ಲಿ ಇಡೀ ತಿರುಳು 170 ಕಿಲೋ, ಮಾರಾಟ ದರ 750. ಹೋಳು ಮತ್ತು ತುಂಡು 80 ಕಿಲೋ, ದರ 540. ಸಾಫ್ಟ್‌ವೇರ್ ತೂಕದ ಮೇಲೆ ಖರ್ಚು ಹಂಚಿದರೆ ಎಲ್ಲಕ್ಕೂ ಕಿಲೋಗೆ 600 ರೂಪಾಯಿ. ಆಗ ಇಡೀ ತಿರುಳಿನಲ್ಲಿ ಕಿಲೋಗೆ 150 ಲಾಭ, ತುಂಡಿನಲ್ಲಿ 60 ನಷ್ಟ. ಮಾರಾಟದ ಬೆಲೆಯ ಮೇಲೆ ಹಂಚಿದರೆ ಇಡೀ ತಿರುಳಿಗೆ 659, ತುಂಡಿಗೆ ಸುಮಾರು 475 ಬೀಳುತ್ತದೆ. ಆಗ ಒಂದರಲ್ಲಿ 91 ಲಾಭ, ಇನ್ನೊಂದರಲ್ಲಿ 65 ಲಾಭ. ಒಟ್ಟು ಲಾಭ ಎರಡೂ ಕಡೆ 20,700 ರೂಪಾಯಿಯೇ. ಫ್ಯಾಕ್ಟರಿಯಲ್ಲಿ ಒಂದು ಕಾಳೂ ಬದಲಾಗಿಲ್ಲ. ಸೆಟ್ಟಿಂಗ್‌ನ ಒಂದು ಆಯ್ಕೆ ಬದಲಾಯಿತು, ತುಂಡು ಮಾರುವವರು ನಷ್ಟ ಮಾಡುವವರಿಂದ ಲಾಭ ಮಾಡುವವರಾದರು.

ಈ ಆಯ್ಕೆ ನಿಮ್ಮಲ್ಲಿ ಯಾರು ಮಾಡಿದರು? ಇಂಥದ್ದನ್ನು ಹಾಕುವ ಅವಸರದಲ್ಲಿ ಕನ್ಸಲ್ಟೆಂಟ್ ಡೀಫಾಲ್ಟ್ ಬಿಟ್ಟು ಹೋಗಿರುತ್ತಾರೆ. ಡೀಫಾಲ್ಟ್ ಹೆಚ್ಚಾಗಿ ತೂಕ. ಮ್ಯಾನೇಜ್‌ಮೆಂಟ್ ಅಕೌಂಟಿಂಗ್‌ನ (ಕಂಪನಿ ನಡೆಸಲು ಒಳಗೇ ಮಾಡಿಕೊಳ್ಳುವ ಲೆಕ್ಕದ) ಇಷ್ಟು ದೊಡ್ಡ ತೀರ್ಮಾನ ಯಾವ ಮೀಟಿಂಗ್‌ನಲ್ಲೂ ಚರ್ಚೆಯಾಗದೆ ಆಗಿ ಹೋಗಿರುತ್ತದೆ. ಇದು ನನಗೆ ತುಂಬ ಬೇಜಾರಿನ ಸಂಗತಿ. ಎಎಸ್ 2 ಇಂಥ ಜೋಡಿ ಉತ್ಪನ್ನಗಳಿಗೆ ತರ್ಕಬದ್ಧವಾದ, ವರ್ಷದಿಂದ ವರ್ಷಕ್ಕೆ ಬದಲಾಗದ ಹಂಚಿಕೆ ಕೇಳುತ್ತದೆ. ಮಾರಾಟ ಬೆಲೆಯ ಅನುಪಾತವನ್ನು ಉದಾಹರಣೆಯಾಗಿಯೂ ಕೊಡುತ್ತದೆ. ನಿಮ್ಮ ಉದ್ಯಮಕ್ಕೆ ಅದೇ ಸರಿ. ಆಡಿಟರ್ ಜೊತೆ ಮಾತಾಡಿ, ಏಪ್ರಿಲ್ 1ರಿಂದ ಬದಲಾಯಿಸಿ. ವರ್ಷದ ನಡುವೆ ಬೇಡ, ಹಳೆಯ ಸ್ಟಾಕ್‌ನ ಬೆಲೆ ಗೋಜಲಾಗುತ್ತದೆ.

ಆದರೆ ಒಂದು ಮಾತು. ಹಂಚಿಕೆ ಎಷ್ಟೇ ಸರಿಯಾದರೂ ಅದು ಸ್ಟಾಕ್ ಬೆಲೆ ಕಟ್ಟಲು ಮಾತ್ರ. ತುಂಡು ಮಾರಬೇಕೋ ಬಿಡಬೇಕೋ ಅನ್ನುವ ತೀರ್ಮಾನಕ್ಕೆ ಅದು ಬೇಡ. ತುಂಡು ಹೇಗೂ ಬರುತ್ತದೆ. ನೀವು ದಿನಾ ನೋಡಬೇಕಾದ ಅಂಕಿ ಬೇರೆಯೇ ಇದೆ. ಇಡೀ ತಿರುಳು ಒಂದು ಕಿಲೋ ಒಡೆದು ತುಂಡಾದರೆ 750 ರೂಪಾಯಿಯ ಮಾಲು 540 ಆಗುತ್ತದೆ, 210 ರೂಪಾಯಿ ಹೋಯಿತು. ಒಡೆಯುವ ಪ್ರಮಾಣ ನೂರಕ್ಕೆ ಒಂದು, ಅಂದರೆ 250 ಕಿಲೋ ತಿರುಳಿನಲ್ಲಿ ಎರಡೂವರೆ ಕಿಲೋ ಜಾಸ್ತಿಯಾದರೆ 1,000 ಕಿಲೋ ಬೀಜಕ್ಕೆ 525 ರೂಪಾಯಿ ನಷ್ಟ. ದಿನಕ್ಕೆ ಹತ್ತು ಟನ್ ಹಾಕುವ ಕಡೆ ಇದು 5,250 ರೂಪಾಯಿ. ಯಾವ ಲಾಟ್ ಜಾಸ್ತಿ ಒಡೆಯಿತು, ಅವತ್ತು ಸ್ಟೀಮಿಂಗ್ ಎಷ್ಟು ಹೊತ್ತು ಆಗಿತ್ತು, ಬೀಜ ಆರಲು ಬಿಟ್ಟಿದ್ದರೋ ಇಲ್ಲವೋ, ಸೈಜ್ ಮಾಡಿ ಕಟಿಂಗ್‌ಗೆ ಹಾಕಿದ್ದರೋ. ಇದನ್ನು ಮರುದಿನ ಬೆಳಗ್ಗೆಯೇ ಹೇಳುವ ಶಕ್ತಿ ಇಆರ್‌ಪಿಗೆ ಇದೆ. ಹಳೆಯ ಪದ್ಧತಿಯಲ್ಲಿ ಇದು ಆಗುತ್ತಿರಲಿಲ್ಲ. ನೀವು ಕೊಟ್ಟ ದುಡ್ಡಿಗೆ ನಿಜವಾದ ಬೆಲೆ ಸಿಗುವುದು ಇಂಥ ಒಂದು ರಿಪೋರ್ಟ್‌ನಿಂದ. ಇದನ್ನು ನೀವೇ ಕೇಳಿ ಮಾಡಿಸಬೇಕು, ವೆಂಡರ್‌ಗೆ ಇದು ಹೊಳೆಯುವುದಿಲ್ಲ.

ಇನ್ನು ನಿಮ್ಮ ರಾತ್ರಿಯ ಎಕ್ಸೆಲ್. ಅದಕ್ಕೆ ನಾಚಿಕೆ ಪಡಬೇಡಿ. ದೊಡ್ಡ ದೊಡ್ಡ ಕಂಪನಿಗಳಲ್ಲೂ ಇದೇ ಕಥೆ. 2002ರಲ್ಲಿ ಫಿನ್‌ಲ್ಯಾಂಡ್‌ನ ಇಬ್ಬರು ಸಂಶೋಧಕರು ಹತ್ತು ಕಂಪನಿಗಳನ್ನು ನೋಡಿ ಬರೆದರು. ಇಆರ್‌ಪಿಯಿಂದ ಮ್ಯಾನೇಜ್‌ಮೆಂಟ್ ಅಕೌಂಟಿಂಗ್‌ನ ಪದ್ಧತಿಗಳು ಹೆಚ್ಚೇನೂ ಬದಲಾಗಿರಲಿಲ್ಲ, ಬಜೆಟ್‌ನಂಥ ಕೆಲಸಗಳು ಬಹಳ ಕಡೆ ಸಿಸ್ಟಂನ ಹೊರಗೇ ನಡೆಯುತ್ತಿದ್ದವು. ಮರುವರ್ಷ ಇಂಗ್ಲೆಂಡಿನಿಂದ ಬಂದ ಇನ್ನೊಂದು ಅಧ್ಯಯನ ಬೇರೆ ಮಗ್ಗುಲು ತೋರಿಸಿತು. ಲೆಕ್ಕದ ಪದ್ಧತಿ ಹಾಗೇ ಇದ್ದರೂ ಅಕೌಂಟೆಂಟ್‌ನ ದಿನಚರಿ ಬದಲಾಗಿತ್ತು. ಎಂಟ್ರಿ ಹಾಕುವ, ತಾಳೆ ನೋಡುವ ಕೆಲಸ ಕಡಿಮೆಯಾಗಿತ್ತು. ಖರ್ಚಿನ ಲೆಕ್ಕ ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೇ ಅರ್ಥವಾಗುತ್ತಿತ್ತು. ಅಕೌಂಟೆಂಟ್ ಮುಂದಿನ ತಿಂಗಳ ಅಂದಾಜಿನ ಬಗ್ಗೆ ಜಾಸ್ತಿ ಮಾತಾಡುತ್ತಿದ್ದರು. ಎರಡೂ ನಿಜ ಅಂತ ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಬಂದ ಮಾತ್ರಕ್ಕೆ ಹೊಸ ಕಾಸ್ಟಿಂಗ್ ಬರುವುದಿಲ್ಲ, ಆದರೆ ನಿಮಗೆ ಸಮಯ ಉಳಿಸಿಕೊಡುತ್ತದೆ. ಆ ಸಮಯ ಎಲ್ಲಿ ಹಾಕುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ.

ಎಕ್ಸೆಲ್‌ಗೆ ಒಂದೇ ನಿಯಮ ಇಟ್ಟುಕೊಳ್ಳಿ. ಸಿಸ್ಟಂನಿಂದ ಅಂಕಿ ತೆಗೆದು ಮುಂದಿನ ಲೆಕ್ಕ ಮಾಡಬಹುದು. ಸಿಸ್ಟಂನ ಅಂಕಿಯನ್ನು ಎಕ್ಸೆಲ್‌ನಲ್ಲಿ ತಿದ್ದಬಾರದು. ಐವರಿ ಕೋಸ್ಟ್ ಬೀಜ ಈ ದರಕ್ಕೆ ಕೊಂಡರೆ, ಡಾಲರ್ ಇಷ್ಟಕ್ಕೆ ಹೋದರೆ, ನಮಗೆ ಕಿಲೋ ತಿರುಳು ಎಷ್ಟಕ್ಕೆ ಬೀಳಬಹುದು ಅನ್ನುವ ಲೆಕ್ಕಕ್ಕೆ ಎಕ್ಸೆಲ್ ಬಿಟ್ಟು ಬೇರೆ ಒಳ್ಳೆಯ ಜಾಗ ಇಲ್ಲ. ಆದರೆ ಪ್ರತಿ ತಿಂಗಳು ಹೋಳಿನ ದರ ತಪ್ಪು ಬರುತ್ತದೆ ಅಂತ ನೀವು ಕೈಯಲ್ಲಿ ಸರಿ ಮಾಡುತ್ತಿದ್ದರೆ, ಆ ಸಾಲಿಗೆ ಹಳದಿ ಬಣ್ಣ ಹಾಕಿ. ಮೂರು ತಿಂಗಳು ಹಾಗೆ ಮಾಡಿದರೆ ಹಳದಿ ಸಾಲುಗಳೇ ನಿಮ್ಮ ಸೆಟ್ಟಿಂಗ್‌ನ ದೋಷಗಳ ಪಟ್ಟಿ. ವೆಂಡರ್ ಮುಂದೆ ಅದನ್ನಿಟ್ಟು ಮಾತಾಡಿ. ಇಲ್ಲದಿದ್ದರೆ ಸಿಸ್ಟಂನಲ್ಲಿ ಒಂದು ಸತ್ಯ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಸತ್ಯ, ನೀವು ರಜೆ ಹಾಕಿದ ದಿನ ಕಂಪನಿಗೆ ಕಾಸ್ಟಿಂಗೇ ಇಲ್ಲ.

ಈಗ ಹಿಡಿತದ ವಿಷಯ. ಮಾಲೀಕರು ಮೊಬೈಲ್‌ನಲ್ಲಿ ನೋಡುವುದು ತಪ್ಪಲ್ಲ. ಅವರ ದುಡ್ಡು, ಅವರ ಫ್ಯಾಕ್ಟರಿ. ಆದರೆ ನಡೆಯುತ್ತಿರುವುದನ್ನು ನೋಡಿ. ಬೆಳಗ್ಗೆ ಅಂಕಿ ಕೆಂಪಾಗಿದೆ. ಅವರು ಸೂಪರ್‌ವೈಸರ್‌ಗೆ ಫೋನ್ ಮಾಡುತ್ತಾರೆ. ಸೂಪರ್‌ವೈಸರ್ ಆ ಸ್ಕ್ರೀನ್ ನೋಡಿಯೇ ಇಲ್ಲ. ಹಿಂದಿನ ದಿನ ಬಾಯ್ಲರ್ ಎರಡು ಗಂಟೆ ನಿಂತಿತ್ತು ಅನ್ನುವುದು ಅವನಿಗೆ ಗೊತ್ತು, ಸಿಸ್ಟಂಗೆ ಗೊತ್ತಿಲ್ಲ. ಬೈಸಿಕೊಂಡ ಮೇಲೆ ಅವನು ಒಂದು ಪಾಠ ಕಲಿಯುತ್ತಾನೆ. ಅಂಕಿ ಕೆಡುವ ದಿನ ಎಂಟ್ರಿಯನ್ನು ಮರುದಿನಕ್ಕೆ ತಳ್ಳುವುದು. ಒಳ್ಳೆಯ ದಿನದಿಂದ ಸ್ವಲ್ಪ ತಿರುಳು ಉಳಿಸಿಕೊಂಡು ಕೆಟ್ಟ ದಿನಕ್ಕೆ ತೋರಿಸುವುದು. ಎರಡು ತಿಂಗಳಲ್ಲಿ ದಿನದ ರಿಪೋರ್ಟ್ ನೇರ ಗೆರೆಯ ಹಾಗೆ ಬರತೊಡಗುತ್ತದೆ. ಎಲ್ಲ ಸರಿಯಾಯಿತು ಅಂತ ಮಾಲೀಕರಿಗೆ ಅನಿಸುತ್ತದೆ. ನಿಜವಾಗಿ ಅವರ ಹಿಡಿತ ಅವತ್ತೇ ಹೋಗಿರುತ್ತದೆ.

ಇದನ್ನು ತಡೆಯಲು ಒಂದು ಕ್ರಮ ಬೇಕು. ಅಂಕಿ ಮೊದಲು ಕಾಣಬೇಕಾದದ್ದು ಅದನ್ನು ಸರಿಪಡಿಸಬಲ್ಲ ವ್ಯಕ್ತಿಗೆ. ಇಳುವರಿ, ಒಡೆಯುವ ಪ್ರಮಾಣ, ಸೌದೆ ಅಥವಾ ಸಿಪ್ಪೆಯ ಬಳಕೆ ಇವು ಬೆಳಗ್ಗೆ ಎಂಟು ಗಂಟೆಗೆ ಸೂಪರ್‌ವೈಸರ್‌ಗೆ ಕಾಣಲಿ. ಅವನು ಒಂದು ಸಾಲು ಕಾರಣ ಬರೆಯಲಿ, ಕನ್ನಡದಲ್ಲೇ ಬರೆಯಲಿ. ಹತ್ತೂವರೆಗೆ ಅದೇ ಅಂಕಿ, ಆ ಸಾಲಿನ ಜೊತೆ, ಮಾಲೀಕರಿಗೆ ಹೋಗಲಿ. ಈ ಎರಡೂವರೆ ಗಂಟೆ ಬಹಳ ದೊಡ್ಡದು. ಕಾರಣ ಇಲ್ಲದ ಅಂಕಿಗೆ ಫೋನ್ ಮಾಡುವುದಿಲ್ಲ ಅಂತ ಮಾಲೀಕರು ಒಪ್ಪಿಕೊಂಡರೆ ಸಾಕು. ಅವರಿಗೆ ಇದನ್ನು ಹೇಳುವುದು ಯಾರು? ನೀವೇ ಹೇಳಬೇಕು. ಅಕೌಂಟ್ಸ್‌ನವರ ಮಾತನ್ನು ಮಾಲೀಕರು ಕೇಳುತ್ತಾರೆ, ಅಂಕಿ ಕೆಟ್ಟರೆ ನಷ್ಟ ಯಾರಿಗೆ ಅಂತ ವಿವರಿಸಿದರೆ ಖಂಡಿತ ಕೇಳುತ್ತಾರೆ.

ಅಪ್ರೂವಲ್‌ಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಪರ್ಚೇಸ್ ಆರ್ಡರ್ ಎಲ್ಲವೂ ಮಾಲೀಕರ ಮೊಬೈಲ್‌ಗೆ ಹೋಗುತ್ತಿದ್ದರೆ ಅವರು ಊಟದ ಹೊತ್ತಿಗೆ ಎಲ್ಲಕ್ಕೂ ಒಟ್ಟಿಗೆ ಒಪ್ಪಿಗೆ ಒತ್ತುತ್ತಾರೆ. ದಾಖಲೆಯಲ್ಲಿ ಒಪ್ಪಿಗೆ ಇದೆ, ಯಾರೂ ನೋಡಿಲ್ಲ. ಸಣ್ಣ ಮೊತ್ತದ್ದು ಮ್ಯಾನೇಜರ್ ಹತ್ತಿರವೇ ಮುಗಿಯಲಿ, ದೊಡ್ಡದು ಮಾತ್ರ ಮೇಲೆ ಹೋಗಲಿ. ಮಾಲಿನ ಎಂಟ್ರಿ ಹಾಕುವವರು, ಬಿಲ್ ಪಾಸ್ ಮಾಡುವವರು, ಹಣ ಕಳಿಸುವವರು ಬೇರೆ ಬೇರೆ ಇರಲಿ. ಜನ ಕಡಿಮೆ ಇರುವ ಕಡೆ ಇಬ್ಬರಾದರೂ ಇರಲಿ. ಎಲ್ಲಕ್ಕಿಂತ ಮುಖ್ಯ, ಪಾಸ್‌ವರ್ಡ್. ಸ್ಟೋರ್‌ನಲ್ಲಿ ಒಂದೇ ಲಾಗಿನ್‌ನಲ್ಲಿ ಮೂರು ಜನ ಕೆಲಸ ಮಾಡುತ್ತಿದ್ದರೆ, ಏನು ತಪ್ಪಾದರೂ ಅದು ಯಾರದು ಅಂತ ಹೇಳಲು ಆಗುವುದಿಲ್ಲ, ತಪ್ಪಿಲ್ಲದವನೂ ಸಿಕ್ಕಿಬೀಳುತ್ತಾನೆ. ನಿಮ್ಮದು ಕಂಪನಿಯಾಗಿ ನೋಂದಣಿಯಾಗಿದ್ದರೆ ಕಾನೂನೂ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ ಇರಬೇಕು, ಅದನ್ನು ಆಫ್ ಮಾಡಲು ಬರಬಾರದು. ಆ ದಾಖಲೆ ಇದ್ದೂ ಲಾಗಿನ್ ಹಂಚಿಕೊಂಡರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ.

ಶಿರಸಿ ಶಾಖೆಯದ್ದು ಸ್ವಲ್ಪ ಬೇರೆ ಸ್ವಭಾವ. ಅಲ್ಲಿ ಉತ್ಪಾದನೆ ಇಲ್ಲ, ದರದ ಆಟ ಇದೆ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ದರ, ದಿನಾ ಬೇರೆ. ಇಲ್ಲಿ ಎಲ್ಲವನ್ನೂ ಅಡಿಕೆ ಅನ್ನುವ ಒಂದೇ ಐಟಂ ಕೋಡ್‌ನಲ್ಲಿ ಹಾಕಿದ್ದರೆ ಸರಾಸರಿ ದರಕ್ಕೆ ಅರ್ಥವೇ ಇಲ್ಲ, ಕೋಕಾದ ದರ ರಾಶಿಯನ್ನು ಕೆಳಗೆ ಎಳೆಯುತ್ತದೆ. ಪ್ರತಿ ಬಗೆಗೂ ಕೋಡ್ ಬೇಕು, ವಿಂಗಡಿಸಿದಾಗ ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸುವ ಎಂಟ್ರಿ ಬೇಕು. ನಿಮ್ಮ ಗೋದಾಮಿನಲ್ಲಿ ರೈತರು ದರ ಏರಲಿ ಅಂತ ಇಟ್ಟು ಹೋದ ಅಡಿಕೆ ಇದ್ದರೆ ಇನ್ನೊಂದು ಎಚ್ಚರಿಕೆ. ಅದು ನಿಮ್ಮ ಮಾಲಲ್ಲ. ಮಾರಾಟ ಆಗುವ ತನಕ ರೈತರದ್ದು. ಸಿಸ್ಟಂನಲ್ಲಿ ಬೇರೆಯವರ ಮಾಲು ಅಂತ ಪ್ರತ್ಯೇಕ ಗುರುತು ಹಾಕಿ, ಬೆಲೆ ಇಲ್ಲದೆ ತೂಕ ಮಾತ್ರ ತೋರಿಸಬೇಕು. ಇದರಲ್ಲಿ ತಪ್ಪಿದರೆ ನಿಮ್ಮ ಸ್ಟಾಕ್ ಉಬ್ಬಿ ಕಾಣುತ್ತದೆ, ಅದನ್ನೇ ನಂಬಿ ಬ್ಯಾಂಕಿನವರು ಸಾಲದ ಮಿತಿ ಲೆಕ್ಕ ಹಾಕುತ್ತಾರೆ.

ನಮ್ಮ ಜಿಲ್ಲೆಯ ಊರೂರಿನ ಸೇವಾ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವವರೂ ಇದನ್ನು ಓದುತ್ತಿರಬಹುದು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೂ ಇಆರ್‌ಪಿಯೇ, ಎಲ್ಲರಿಗೂ ಒಂದೇ ಅಕೌಂಟಿಂಗ್ ಪದ್ಧತಿ. ಹಾಗಾಗಿ ಸಾಲ, ಗೊಬ್ಬರ, ರೇಷನ್, ಅಡಿಕೆ ಎಲ್ಲ ಒಂದೇ ಸೂರಿನಡಿ ನಡೆಸುವ ಸಂಘದವರು ಪ್ರತಿ ವಿಭಾಗಕ್ಕೂ ಬೇರೆ ಕಾಸ್ಟ್ ಸೆಂಟರ್ (ಆ ವಿಭಾಗದ ಖರ್ಚನ್ನು ಪ್ರತ್ಯೇಕವಾಗಿ ಕೂಡಿಸುವ ತಲೆಬರಹ) ಕೇಳಿ ಪಡೆಯಿರಿ. ಗೊಬ್ಬರದ ನಷ್ಟ ಸಾಲದ ಬಡ್ಡಿಯಲ್ಲಿ ಮುಚ್ಚಿಹೋಗುವುದು ತುಂಬ ಹಳೆಯ ಕಾಯಿಲೆ. ಬೇರೆ ಬೇರೆ ಕಂಡರೆ ಸದಸ್ಯರ ಸಭೆಯಲ್ಲಿ ಪ್ರಶ್ನೆ ಬರುತ್ತದೆ, ಬರಲಿ.

ಕೊನೆಯದಾಗಿ ಸಮಯದ ವಿಷಯ. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ತನ್ನ ಹೊಸ ಸಿಸ್ಟಂಗಳನ್ನು ಜುಲೈನಲ್ಲಿ ಚಾಲೂ ಮಾಡಿತು. ಅವರಿಗೆ ಹಬ್ಬದ ಆರ್ಡರ್‌ಗಳು ಬರುವ ಹೊತ್ತು ಅದು. ಮಾಲು ಗೋದಾಮಿನಲ್ಲಿದ್ದೂ ಅಂಗಡಿಗಳಿಗೆ ಕಳಿಸಲು ಆಗಲಿಲ್ಲ, ಸುಮಾರು ಹತ್ತು ಕೋಟಿ ಡಾಲರ್‌ನ ಆರ್ಡರ್ ಕೈತಪ್ಪಿತು. ಅಷ್ಟು ದೊಡ್ಡ ಕಂಪನಿಗೇ ಸೀಸನ್‌ನಲ್ಲಿ ಬದಲಾವಣೆ ತಡೆಯಲಿಲ್ಲ. ನಿಮಗೆ ಸೀಸನ್ ಮಾರ್ಚ್. ಹಾಗಾಗಿ ಲಾಟ್ ನಂಬರ್ ಮತ್ತು ಮೈನಸ್ ಸ್ಟಾಕ್ ನಿಲ್ಲಿಸುವ ಕೆಲಸ ಜನವರಿ, ಫೆಬ್ರವರಿಯಲ್ಲೇ ಮುಗಿಸಿ. ಊರಿನ ಬೀಜ ಬರುವ ಹೊತ್ತಿಗೆ ಸ್ಟೋರ್‌ನವರ ಕೈ ಪಳಗಿರಬೇಕು. ಗ್ರೇಡ್‌ನ ಹಂಚಿಕೆ ವಿಧಾನ ಏಪ್ರಿಲ್ 1ಕ್ಕೆ, ಮಾರ್ಚ್ 31ರ ಸ್ಟಾಕ್ ಎಣಿಕೆ ಆದ ಮೇಲೆ. ಒಡೆಯುವ ಪ್ರಮಾಣದ ರಿಪೋರ್ಟ್ ಮೇ ತಿಂಗಳಿಗೆ ಬರಲಿ, ಆಗ ನೋಡಲು ನಂಬಬಹುದಾದ ಅಂಕಿ ಇರುತ್ತದೆ. ವೆಂಡರ್ ಈಗ ತೋರಿಸುತ್ತಿರುವ ಹೊಸ ಡ್ಯಾಶ್‌ಬೋರ್ಡ್, ಮುನ್ಸೂಚನೆಯ ಮಾಡ್ಯೂಲ್ ಇತ್ಯಾದಿ ಏನಾದರೂ ಇದ್ದರೆ ಮಳೆಗಾಲ ಕಳೆಯುವ ತನಕ ದುಡ್ಡು ಹಾಕಬೇಡಿ ಅಂತ ಮಾಲೀಕರಿಗೆ ಹೇಳಿ.